ಆಫೀಸ್ ಇಂಟೀರಿಯರ್‌ಗೆ ಬಿಮ್ ಮಾಡೆಲ್ ಮಾಡಿಸಿದ್ರ ಖರೇನ ಟೈಮ್ ಉಳೀತದೇನ್ರಿ?

ಹುಬ್ಬಳ್ಳಿ_ಪಾರ್ಟಿಷನ್

ನಮಸ್ಕಾರ್ರಿ ಎಲ್ಲಾರಿಗೂ. ಗೋಕುಲ ರೋಡಿನ್ಯಾಗ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿ, 7,000 ಚದರಡಿ, ಸಾಫ್ಟ್‌ವೇರ್ ಕಂಪನಿ ಆಫೀಸು. ಮಾಲಕರು ಬರೇ ಶೆಲ್ ಕೊಟ್ಟಾರ. ಕಂಬ, ಬೀಮು, ಸ್ಲ್ಯಾಬು, ಅಷ್ಟ. ಬಾಡಿಗಿ ಮಾಫಿ ಇರೂದು ಎರಡ ತಿಂಗಳ, ಅಷ್ಟರಾಗ ಒಳಗ ಕುಂದ್ರಬೇಕಂತ ಪಾರ್ಟಿ ಹಟ ಹಿಡದಾರ. ಆರ್ಕಿಟೆಕ್ಟ್ ಇರೂದು ಬೆಂಗಳೂರಾಗ, ಬರೇ ಪಿಡಿಎಫ್ ಕಳಸ್ತಾರ. ಎಸಿಯವ್ರು, ಫೈರ್‌ನವ್ರು, ಎಲೆಕ್ಟ್ರಿಕಲ್‌ನವ್ರು ಬ್ಯಾರೆ ಬ್ಯಾರೆ ಮಂದಿ. ಒಬ್ಬರ ಡ್ರಾಯಿಂಗ್ ಒಬ್ಬರು ತಗದ ನೋಡೂದಿಲ್ಲ.

ಈಗ ಪಾರ್ಟಿ ಹೆಡ್ ಆಫೀಸಿನವರೊಬ್ಬರು "ಬಿಮ್ ಮಾಡೆಲ್ ಮಾಡಿಸ್ರಿ, ಕೆಲಸ ಲಗೂ ಮುಗೀತದ" ಅಂತ ಗಂಟ ಬಿದ್ದಾರ. ಬಿಮ್ ಅಂದ್ರ ಬೀಮು, ಡಕ್ಟು, ಪೈಪು ಎಲ್ಲಾ ಕೂಡಿಸಿ ಕಂಪ್ಯೂಟರಿನ್ಯಾಗ ಮಾಡೂ 3ಡಿ ಮಾಡೆಲ್. ಅದಕ್ಕ ಬ್ಯಾರೆ ರೊಕ್ಕ, ಬ್ಯಾರೆ ದಿನ. ಅವರು ಮಾಡೆಲ್ ಮುಗಸೂದ್ರಾಗ ನಾ ಅರ್ಧ ಜಿಪ್ಸಮ್ ಹೊಡದಿರ್ತೇನಿ ಅನಸ್ತದ. ಖರೇನ ಮಾಡಿಸಿದವರು ಇದ್ರ ಹೇಳ್ರಿ. ವಿಡಿಯೋದಾಗ ತೋರಸೂ ಬಣ್ಣ ಬಣ್ಣದ ಪೈಪಿನ ಕಥಿ ಬ್ಯಾಡ.

ಕೇಶ್ವಾಪುರ_ಸೀಲಿಂಗ್

ಬ್ಯಾಡ ಬಿಡ್ರಿ. ಡ್ರಾಯಿಂಗಿನ್ಯಾಗ ಬೀಮು 600 ಮಿಲಿಮೀಟರ್ ಅಂತ ಇರ್ತದ. ಸೈಟಿಗೆ ಹೋಗಿ ಟೇಪ್ ಹಿಡದ್ರ ಸೆಂಟ್ರಿಂಗ್ ಜೋತದ್ದು, ಪ್ಲಾಸ್ಟರ್ ಎಲ್ಲಾ ಕೂಡಿ 640. ಮಾಡೆಲ್‌ದಾಗ 600ನ ಕುಂತಿರ್ತದ. ಲೇಸರ್ ಲೆವೆಲ್ ಹಚ್ಚಿ ಗೆರಿ ಹೊಡೀರಿ, ಮೂರೂ ಮಂದಿನ್ನ ಕರದು ಚಾ ಕುಡಿಸಿ ಅಲ್ಲೇ ಮಾತಾಡಿ ಮುಗಸ್ರಿ.

ಉಣಕಲ್_ಡ್ರಾಫ್ಟಿಂಗ್

ನಾ ಉಣಕಲ್‌ದಾಗ ಮನ್ಯಾಗ ಕುಂತು ಬೆಂಗಳೂರು, ಪುಣೆ ಆಫೀಸಿನವರಿಗೆ ಎಮ್‌ಇಪಿ (ಎಸಿ, ಕರೆಂಟು, ಪೈಪಿನ ಕೆಲಸ) ಮಾಡೆಲ್ ಮಾಡಿಕೊಡಾಕಿ. ಸೀಲಿಂಗ್ ಅಣ್ಣಾರು ಹೇಳಿದ 40 ಮಿಲಿಮೀಟರ್ ಐತಲ್ಲ, ನಿಮ್ಮ ಇಡೀ ಶೆಡ್ಯೂಲ್ ಅದರ ಮ್ಯಾಲೇ ನಿಂತದ. ಲೆಕ್ಕ ಹಾಕಿ ತೋರಸ್ತೇನಿ.

ಸ್ಲ್ಯಾಬಿನಿಂದ ಸ್ಲ್ಯಾಬಿಗೆ 3,600 ಅಂತ ಹಿಡೀರಿ. ಬೀಮು 600 ಹೋದ್ರ 3,000. ಟೈಲ್ಸ್ ಮತ್ತ ಅದರ ಬೆಡ್ 60 ತಗದ್ರ 2,940. ಆರ್ಕಿಟೆಕ್ಟ್ ಸೀಲಿಂಗ್ 2,700ಕ್ಕ ಕೇಳ್ಯಾರ. ಬೀಮಿನ ಕೆಳಗ ಉಳದದ್ದು 240. ಎಸಿಯವರ ಡಕ್ಟ್ (ಗಾಳಿ ಹೋಗೂ ತಗಡಿನ ಕೊಳವಿ) 300 × 250, ಸುತ್ತ 25ರ ಇನ್ಸುಲೇಷನ್, ಅಂದ್ರ ಎತ್ತರ 300. ಹೋಗೂದಿಲ್ಲ. ಅದನ್ನ ಚಪ್ಪಟಿ ಮಾಡಿ 500 × 150 ಮಾಡಿದ್ರ ಅಷ್ಟ ಕ್ಷೇತ್ರ ಸಿಗ್ತದ, ಎತ್ತರ 200, ಸೀಲಿಂಗ್ ಗ್ರಿಡ್‌ಗೆ 40 ಉಳೀತದ. ಬೀಮು 640 ಇದ್ರ ಆ 40ನೂ ಹೋತು. ಇದು ಜಿಪ್ಸಮ್ ಹೊಡದ ಮ್ಯಾಲೆ ಗೊತ್ತಾದ್ರ ಬಿಚ್ಚಬೇಕು. ಡಕ್ಟ್ ಶೀಟ್ ಕತ್ತರಸೂ ಮೊದಲ ಗೊತ್ತಾದ್ರ ಪ್ಯಾಸೇಜಿನ ಸೀಲಿಂಗ್ ಅಷ್ಟ 2,600ಕ್ಕ ಇಳಸ್ರಿ ಅಂತ ಆರ್ಕಿಟೆಕ್ಟ್‌ಗೆ ಒಂದು ಫೋನ್, ಮುಗೀತು. ಬೀಮಿಗೆ ಕೋರ್ ಕಟ್ (ಆರಪಾರ ತೂತು) ಹೊಡಿಯೂ ವಿಚಾರ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಬರದು ಕೊಡೂತನಾ ಯಾರ ಬಾಯಾಗೂ ಬರಬಾರದು.

ಅದಕ್ಕ ಮೊದಲ ಸೈಟ್ ಸ್ಕ್ಯಾನ್ ಮಾಡಸ್ರಿ. ಟ್ರೈಪಾಡ್ ಮ್ಯಾಲಿನ ಲೇಸರ್ ಸ್ಕ್ಯಾನರ್ ಕೆಲವೇ ಮಿಲಿಮೀಟರ್ ಹೆಚ್ಚು ಕಡಿಮಿ ತೋರಸ್ತದ. ಐಫೋನ್ ಪ್ರೋದಾಗಿನ ಲೈಡಾರ್ (ಲೇಸರ್‌ಲೆ ದೂರ ಅಳಿಯೂ ಸೆನ್ಸರ್) ಐದು ಮೀಟರ್ ದಾಟಿ ನೋಡೂದಿಲ್ಲ, ಸೆಂಟಿಮೀಟರ್‌ಗಟ್ಟಲೆ ತಪ್ಪತದ. ನಿಮಗ ಬೇಕಾಗಿರೂದ 40 ಮಿಲಿಮೀಟರ್ ಅಂದಮ್ಯಾಲೆ ಅದು ಕೆಲಸಕ್ಕ ಬರೂದಿಲ್ಲ.

ಮಾಡೆಲ್ ಮಾಡೂದು ಸೀಲಿಂಗ್ ಮ್ಯಾಲಿನ ಜಾಗ ಅಷ್ಟ: ಬೀಮು, ಡಕ್ಟು, ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ, ಎಸಿ ಡ್ರೇನು. ಡ್ರೇನ್ ಯಾರೂ ಲೆಕ್ಕಕ್ಕ ತಗೊಳ್ಳೂದಿಲ್ಲ. 100ಕ್ಕ 1 ಇಳಿಜಾರು ಕೊಟ್ರ 12 ಮೀಟರ್ ಓಟದಾಗ 120 ಕೆಳಗ ಇಳೀತದ, ಅದಕ್ಕೂ ಜಾಗ ಬೇಕಲ್ಲ? ಕುರ್ಚಿ, ಸೋಫಾ, ಗಿಡದ ಕುಂಡ ಮಾಡೆಲ್ ಮಾಡ್ತೇವಿ ಅಂತ ಯಾರರ ಬಿಲ್ ಕೊಟ್ರ ವಾಪಸ್ ಕಳಸ್ರಿ.

ಮೊದಲನೇ ಕ್ಲ್ಯಾಶ್ ರಿಪೋರ್ಟ್ (ಮಾಡೆಲ್‌ದಾಗ ಯಾವುದು ಯಾವುದಕ್ಕ ಡಿಕ್ಕಿ ಹೊಡೀತದ ಅನ್ನೂ ಪಟ್ಟಿ) ನೋಡಿ ಗಾಬರಿ ಆಗಬ್ಯಾಡ್ರಿ. ಹ್ಯಾಂಗರ್ ರಾಡ್ ಇನ್ಸುಲೇಷನ್‌ಗೆ ತಾಗಿದ್ರೂ ಸಾಫ್ಟ್‌ವೇರ್ ಅದನ್ನ ಕ್ಲ್ಯಾಶ್ ಅಂತನ ಬರಕೋತದ. ನೇವಿಸ್‌ವರ್ಕ್ಸ್ ಅನ್ನೂ ಸಾಫ್ಟ್‌ವೇರಿನ ಫ್ರೀಡಂ ಆವೃತ್ತಿ ಪುಕ್ಕಟೆ ಸಿಗ್ತದ, ಮಾಡೆಲ್ ತಿರುಗಿಸಿ ನೋಡಾಕ ಸಾಕು. ಕ್ಲ್ಯಾಶ್ ಹುಡುಕಾಕ ಮ್ಯಾನೇಜ್ ಆವೃತ್ತಿ ಬೇಕು, ಅದು ಮಾಡೆಲ್ ಮಾಡಾವರ ಹತ್ರ ಇದ್ರ ಸಾಕು. ಮತ್ತ ರೆವಿಟ್ (ಮಾಡೆಲ್ ಮಾಡೂ ಸಾಫ್ಟ್‌ವೇರ್) ಯಾವ ವರ್ಷದ್ದು ಅಂತ ಮೊದಲ ಎಲ್ಲಾರೂ ಮಾತಾಡಿಕೊಳ್ರಿ. ಹೊಸದರಾಗ ಸೇವ್ ಮಾಡಿದ್ದು ಹಳೇದರಾಗ ತೆರೆಯೂದಿಲ್ಲ. ಈ ಒಂದ ಕಾರಣಕ್ಕ ವಾರಗಟ್ಟಲೆ ಫೈಲ್ ಹಿಂದ ಮುಂದ ಓಡಾಡಿದ್ದು ನೋಡೇನಿ.

ಹುಬ್ಬಳ್ಳಿ_ಪಾರ್ಟಿಷನ್

ಅಕ್ಕಾರ, ಡಕ್ಟಿನ ಲೆಕ್ಕ ಪಟ್ಟಂತ ತಲಿಗೆ ಹೋತು. ಆದ್ರ ನನ್ನ ಟೈಮ್ ತಿನ್ನೂದು ಗ್ಲಾಸು. ಟಫನ್ಡ್ ಗ್ಲಾಸ್ ಒಮ್ಮೆ ಟಫನ್ ಆದ್ರ ಕತ್ತರಸಾಕ ಬರೂದಿಲ್ಲ, ತೂತು ಹಾಕಾಕೂ ಬರೂದಿಲ್ಲ. ಅದಕ್ಕ ಸೀಲಿಂಗ್, ಫ್ಲೋರಿಂಗ್ ಎಲ್ಲಾ ಮುಗದ ಮ್ಯಾಲೆ ಅಳತಿ ತಗೊಂಡು ಆರ್ಡರ್ ಹಾಕ್ತೇವಿ. ಆಮ್ಯಾಲೆ ಲಾರಿ ದಾರಿ ಕಾಯೂದು. ಇದಕ್ಕ ಮಾಡೆಲ್ ಏನು ಮಾಡ್ತದ?

ಉಣಕಲ್_ಡ್ರಾಫ್ಟಿಂಗ್

ಮಾಡೆಲ್ ಒಂದ ಏನೂ ಮಾಡೂದಿಲ್ಲ, ಫಿಕ್ಸಿಂಗ್ ಪದ್ಧತಿನೂ ಬದಲಿ ಮಾಡ್ಬೇಕು. ಗ್ಲಾಸಿನ ಮ್ಯಾಲಿನ ಚಾನಲ್ ಸೀಲಿಂಗ್‌ಗೆ ಜೋತು ಬೀಳಬಾರದು. ಸ್ಲ್ಯಾಬಿನಿಂದ ಇಳಿಸಿದ ಎಂಎಸ್ (ಉಕ್ಕಿನ) ಫ್ರೇಮಿಗೆ ಅದನ್ನ ಹಚ್ಚಿ, ಲೇಸರ್‌ಲೆ ಒಂದ ಲೆವೆಲ್‌ಗೆ ತರ್ರಿ. ಕೆಳಗಿನ ಯು ಚಾನಲ್‌ನೂ ಪ್ಯಾಕಿಂಗ್ ಕೊಟ್ಟು ಲೆವೆಲ್ ಮಾಡ್ರಿ. ಎರಡೂ ನಿಂತ ಕೂಡಲೆ ಎತ್ತರ ಪಕ್ಕಾ ಆತು. ಫಿಕ್ಸೆಡ್ ಪ್ಯಾನಲ್ ಅವತ್ತ ಆರ್ಡರ್ ಹಾಕ್ರಿ, ಸೀಲಿಂಗ್ ಕೆಲಸ ಅದರ ಪಾಡಿಗೆ ಅದು ನಡೀಲಿ. ಬಾಗಲದ ಗ್ಲಾಸ್ ಅಷ್ಟ ಕೊನಿಗೆ ಇಟ್ಕೊಳ್ರಿ, ಬಾಗಲ ಹಿಡಿಯೂ ಫ್ಲೋರ್ ಸ್ಪ್ರಿಂಗು ಮತ್ತ ಪ್ಯಾಚ್ ಫಿಟ್ಟಿಂಗಿನ ತೂತು ತಪ್ಪಿದ್ರ ಇಡೀ ಗ್ಲಾಸ್ ಹೋತು.

ಒಂದು ಮಾತು ಪಾರ್ಟಿಗೆ ಬರಹದಾಗ ಕೊಡ್ರಿ: ಲೇಔಟ್ ಈ ತಾರೀಖಿಗೆ ಫ್ರೀಜ್. ಕ್ಯಾಬಿನ್ ಗ್ವಾಡಿ ಒಂದು ಮೀಟರ್ ಸರದ್ರ ಸ್ಪ್ರಿಂಕ್ಲರ್, ಸ್ಮೋಕ್ ಡಿಟೆಕ್ಟರ್, ಎಸಿ ಗ್ರಿಲ್, ಲೈಟು, ಸ್ವಿಚ್ಚು ಎಲ್ಲಾ ಸರೀಬೇಕು. ಎಂಡಿ ಸಾಹೇಬರು ಸೈಟಿಗೆ ಬಂದು "ನನ್ನ ಕ್ಯಾಬಿನ್ ಇನ್ನಷ್ಟು ದೊಡ್ಡದು ಮಾಡ್ರಿ" ಅಂದ್ರ ಅಲ್ಲೇ ಮಾಡೆಲ್ ತೆರದು ಏನೇನು ಸರೀತದ ಅಂತ ತೋರಸ್ರಿ. ಭಾಳ ಮಂದಿ ಅಲ್ಲೇ ಸುಮ್ನಾಗ್ತಾರ.

ಗದಗ_ವೈರಿಂಗ್

ನಡುವ ಬಾಯಿ ಹಾಕಿದೆ ಅನಬ್ಯಾಡ್ರಿ. ಮಾಡೆಲ್ ಚಂದ ಇರ್ತದ, ಆದ್ರ ಅದು ಎಂಜಿನಿಯರ್ ಲ್ಯಾಪ್‌ಟಾಪಿನ್ಯಾಗ ಇರ್ತದ, ಡ್ರಿಲ್ ಹೊಡಿಯೂ ಹುಡುಗ ಏಣಿ ಮ್ಯಾಲೆ ಇರ್ತಾನ. ಅವನ ಕೈಯಾಗ ಮೊಬೈಲ್ ಕೊಟ್ರ ರೀಲ್ಸ್ ನೋಡ್ತಾನ. ಪ್ರತಿ ರೂಮಿಂದು ಎ3 ಪ್ರಿಂಟ್ ತಗದು, ಟ್ರೇ ತಳದ ಎತ್ತರ ದಪ್ಪ ಅಕ್ಷರದಾಗ ಬರದು, ಕಂಬಕ್ಕ ಅಂಟಸ್ರಿ. ಡ್ರಾಯಿಂಗ್ ಬದಲಾದ್ರ ಹಳೇದನ್ನ ಹರದು ಒಗೀರಿ. ಎರಡು ರಿವಿಜನ್ ಒಂದ ಕಂಬದ ಮ್ಯಾಲೆ ಇದ್ರ ನಮ್ಮ ಹುಡುಗರು ತಮಗ ಸಸಾರ ಅನಿಸಿದ್ದ ಮಾಡ್ತಾರ.

ಕೇಶ್ವಾಪುರ_ಸೀಲಿಂಗ್

ಸ್ಕ್ಯಾನ್ ಮಾಡಿಸಿ ಆಮ್ಯಾಲೆ ಮಾಡೆಲ್ ಅಂದ್ರ ನಂದೇನೂ ತಕರಾರಿಲ್ರಿ ಅಕ್ಕಾರ. ಚಾ ಮಾತ್ರ ತಪ್ಪಸಬ್ಯಾಡ್ರಿ.

ಹುಬ್ಬಳ್ಳಿ_ಪಾರ್ಟಿಷನ್

ಪಾರ್ಟಿಗೆ ಹೇಳಿ ಸ್ಕ್ಯಾನ್‌ಗೆ ಒಪ್ಪಸ್ತೇನಿ. ಸ್ಕ್ಯಾನ್ ಮಾಡಾವರಿಗೆ ಏನು ಕೊಡ್ರಿ ಅಂತ ಕೇಳ್ಬೇಕು?

ಉಣಕಲ್_ಡ್ರಾಫ್ಟಿಂಗ್

ಪಾಯಿಂಟ್ ಕ್ಲೌಡ್ (ಸ್ಕ್ಯಾನರ್ ಅಳದ ಚುಕ್ಕಿಗಳ ರಾಶಿ) ಇ57 ಫೈಲ್‌ನಾಗ ಕೊಡ್ರಿ ಅನ್ರಿ, ಯಾವ ಕಂಪನಿ ಸ್ಕ್ಯಾನರ್ ಇದ್ರೂ ನಡೀತದ. ಬರೇ ತಿರುಗಿ ನೋಡೂ ಫೋಟೋ ಟೂರ್ ಕೊಟ್ರ ತಗೋಬ್ಯಾಡ್ರಿ. ಸ್ಕ್ಯಾನ್‌ಕಿಂತ ಮೊದಲ ನಾಕೂ ಮೂಲ್ಯಾಗಿನ ಕಂಬಕ್ಕ ಫಿನಿಶ್ ಫ್ಲೋರ್‌ನಿಂದ (ಮುಂದ ಟೈಲ್ಸ್ ಬರೂ ಲೆವೆಲ್‌ನಿಂದ) ಒಂದು ಮೀಟರ್ ಗುರ್ತು ಹೊಡದು ಇಡ್ರಿ. ಅದು ಸ್ಕ್ಯಾನ್‌ನಾಗ ಕಾಣಬೇಕು, ಪೇಂಟ್ ಹಚ್ಚೂತನಾ ಯಾರೂ ಅಳಸಬಾರದು.