ಎಗ್ ಕಪ್ ಕಲೆಕ್ಟ್ ಮಾಡೋರು ಯಾರಾದ್ರೂ ಇದ್ದೀರಾ? ಮುಂಬೈ, ಪುಣೆ, ಗೋವಾ ಕಡೆಯವರ ಅನುಭವ ಬೇಕು

ಡೊಂಬಿವಿಲಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಪಾರ್ಸಿ ಮೇಡಂ ರಿಟೈರ್ ಆಗಿ ಮನೆ ಖಾಲಿ ಮಾಡೋವಾಗ ನನಗೆ ಎರಡು ಎಗ್ ಕಪ್, ಅಂದ್ರೆ ಬೇಯಿಸಿದ ಮೊಟ್ಟೆ ನಿಲ್ಲಿಸಿ ತಿನ್ನೋ ಪುಟ್ಟ ಕಪ್ ಕೊಟ್ರು. ಒಂದಕ್ಕೆ ಎರಡು ಕಾಲು, ಪಟ್ಟೆ ಸಾಕ್ಸು, ಹಳದಿ ಶೂ, ಈಗಲೇ ಎದ್ದು ಹೊರಟಂಗಿದೆ. ಇನ್ನೊಂದು ಮುತ್ತಿನ ಬಣ್ಣಕ್ಕೆ ಹೊಳೆಯೋ ಕೋಳಿಮರಿ, ಬೆನ್ನ ಮೇಲೆ ಮೊಟ್ಟೆ ಕೂರೋಕೆ ಗುಳಿ. ನೋಡಿದಷ್ಟೂ ಖುಷಿ ಆಗ್ತಿದೆ, ಇಂಥವನ್ನ ಇನ್ನೂ ಸೇರಿಸ್ಬೇಕು ಅನ್ನಿಸ್ತಿದೆ. ಎಲ್ಲಿ ಹುಡುಕ್ಬೇಕು, ಹಳೇದು ಅಂತ ಹೇಗೆ ಗೊತ್ತಾಗುತ್ತೆ, ಮಳೆಗಾಲದಲ್ಲಿ ಹೇಗೆ ಇಟ್ಕೋಬೇಕು, ಅದರಲ್ಲಿ ಮೊಟ್ಟೆ ಇಟ್ಟು ತಿನ್ಬಹುದಾ? ಮನೆ ಚಿಕ್ಕದು, ರೈಲ್ವೆ ಟ್ರ್ಯಾಕ್ ಪಕ್ಕಾನೇ. ಅನುಭವ ಇರೋರು ದಯವಿಟ್ಟು ಹೇಳಿ.

ಪುಣೆ, ಕೋಥ್ರೂಡ್‌ನಿಂದ:
ಅಕ್ಕಾರ, ಮೊದಲ ಆ ಕಾಲಿನ ಕಪ್ಪು ಬೋರಲ ಹಾಕಿ ತಳಾ ನೋಡ್ರಿ. ಕಾರ್ಲ್ಟನ್ ವೇರ್ ಅಂತ ಮುದ್ರಿ ಇದ್ರ ಅದು ವಾಕಿಂಗ್ ವೇರ್ ಸಾಲಿಂದು. 1970ರ ದಶಕದಾಗ ರೋಜರ್ ಮಿಚೆಲ್ ಮತ್ತ ಡಾಂಕಾ ನಾಪಿಯೊರ್ಕೋವ್‌ಸ್ಕಾ ಅಂತ ಇಬ್ರು ಡಿಸೈನ್ ಮಾಡಿದ್ದು, ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಾಗ ಆದ ಮಾಲು. ಟೀ ಪಾಟಿಗೂ ಕಾಲು, ಸಕ್ಕರಿ ಡಬ್ಬಿಗೂ ಕಾಲು, ಒಂದು ನಿಂತಿರತದ, ಒಂದು ಓಡತಿರತದ, ಒಂದು ಕಾಲಮ್ಯಾಲ ಕಾಲು ಹಾಕ್ಕೊಂಡು ಕುಂತಿರತದ. ಆ ಕಂಪನಿ 1989ರಾಗ ಬಂದಾತು. ಇದರಾಗ ಪೆಟ್ಟು ಬೀಳೂದು ಯಾವಾಗಲೂ ಶೂದ ತುದಿಗೆ ಮತ್ತ ಮ್ಯಾಲಿನ ಅಂಚಿಗೆ, ಅಲ್ಲಿ ಉಗುರು ಆಡಿಸಿ ನೋಡ್ರಿ, ಬಣ್ಣಾ ಹಚ್ಚಿ ಮುಚ್ಚಿದ್ರ ಕಣ್ಣಿಗೆ ಕಾಣಸ್ದಿದ್ರೂ ಉಗುರಿಗೆ ತಿಳಿತದ.

ಕೋಳಿಮರಿ ಜಪಾನಿಂದು ಇರಬಹುದು, ಆ ಮುತ್ತಿನ ಹೊಳಪು ಅವರು ಭಾಳ ಮಾಡ್ಯಾರ. ತಳದಾಗ ಮೇಡ್ ಇನ್ ಆಕ್ಯುಪೈಡ್ ಜಪಾನ್ ಅಂತ ಇದ್ರ ಕಾಲ ಖಾತ್ರಿ ಸಿಕ್ಕಂಗ, ಯಾಕಂದ್ರ ಯುದ್ಧ ಸೋತ ಮ್ಯಾಲ ಅಮೆರಿಕಾದ ಹಿಡಿತದಾಗ ಇದ್ದ 1945ರಿಂದ 1952ರ ನಡುವಿನ ಮಾಲಿಗಷ್ಟೇ ಆ ಮಾತು ಬರತದ. ಬರೇ ದೇಶದ ಹೆಸರು ಇದ್ರ ಅಷ್ಟು ನಿಖರ ಹೇಳಾಕ ಬರಂಗಿಲ್ಲ. ಅಮೆರಿಕಾಕ್ಕ ಹೋಗೂ ಸಾಮಾನಿನ ಮ್ಯಾಲ ದೇಶದ ಹೆಸರು ಇರಬೇಕು ಅಂತ ಅಲ್ಲಿ ಕಾಯ್ದೆ ಬಂದದ್ದು 1890ರಾಗ, ಅದಕ್ಕ ಹೆಸರಿದ್ರ ಬಹಳ ಮಾಡಿ ಅದರ ಈಚಿಂದು. ಜರ್ಮನಿಯ ಗೋಬಲ್ ಕಂಪನಿಯವು ಸಿಕ್ರ ಬಿಡಬ್ಯಾಡ್ರಿ, ಅದರ ಹಳೇ ಮುದ್ರಿಯೊಳಗ ಜೇನುಹುಳ ಇರತದ.

ಈಗ ನನ್ನ ಖರೇ ಮಾತು. ಕಂಡಿದ್ದೆಲ್ಲಾ ತೊಗೋಬ್ಯಾಡ್ರಿ, ತತ್ತಿ ನೆಟ್ಟಗ ಕೂಡೂ ಕಪ್ಪಷ್ಟೇ ತೊಗೋರಿ. ಹಂಸ ಇರಲಿ, ಆನಿ ಇರಲಿ, ರೈಲು ಇರಲಿ, ತತ್ತಿ ಇಟ್ಟಾಗ ಆ ಗೊಂಬಿ ಪೂರ್ಣ ಆಗಬೇಕು. ಇಂಗ್ಲಿಷ್ ಮಕ್ಕಳ ಪದ್ಯದಾಗ ಗೋಡೆ ಮ್ಯಾಲ ಕೂಡೂ ತತ್ತಿ, ಆ ಹಂಪ್ಟಿ ಡಂಪ್ಟಿ ಕಪ್ಪು ನೋಡ್ರಿ, ಗೋಡೆ ಅಷ್ಟೇ ಮಾಡಿರತಾರ, ಹಂಪ್ಟಿ ಅಂದ್ರ ನೀವು ಇಡೂ ತತ್ತೀನೇ. ಮಾಡಿದಾಂವನ ಬುದ್ಧಿ ಇರೂದು ಅಲ್ಲೇ. ನಾ ಬಜಾರಕ್ಕ ಹೋಗುವಾಗ ಕಿಸೆದಾಗ ಒಂದು ಪ್ಲಾಸ್ಟಿಕ್ ತತ್ತಿ ಇಟ್ಕೊಂಡು ಹೋಗ್ತೀನಿ, ಅಲ್ಲೇ ಇಟ್ಟು ನೋಡ್ತೀನಿ. ಒಂದು ಮಾತು ನೆನಪಿರಲಿ, ಇಂಗ್ಲೆಂಡಿನ ಮೀಡಿಯಂ ತತ್ತಿನೇ 53ರಿಂದ 63 ಗ್ರಾಂ, ಲಾರ್ಜ್ ಅಂದ್ರ 63ರಿಂದ 73 ಗ್ರಾಂ, ನಮ್ಮ ಜವಾರಿ ಕೋಳಿ ತತ್ತಿ ಅದಕಿಂತ ಸಣ್ಣದು, ಅಲ್ಲಿಯ ಕಪ್ಪಿನಾಗ ಒಳಗ ಇಳೀತದ. ಅದು ಕಪ್ಪಿನ ದೋಷ ಅಲ್ಲ.

ಪುಣೇಕ ಬಂದ್ರ ಜೂನಾ ಬಜಾರ ಬುಧವಾರ, ರವಿವಾರ ಕೂಡತದ. ಮುಂಜಾನೆ ಲಗೂನ ಬರ್ರಿ. ನಟ್ಟು ಬೋಲ್ಟು, ಹಳೇ ಗಡಿಯಾರ, ನಾಣ್ಯದ ರಾಶಿ ನಡುವ ಕ್ಯಾಂಪಿನ ಹಳೇ ಬಂಗಲೆಗಳ ಚೀನಿಮಣ್ಣಿನ ಸಾಮಾನು ಬಂದಿರತದ. ಕಾಕಾ ಫೈನಲ್ ಕಿತಿ (ಕಡೀ ರೇಟ್ ಎಷ್ಟು) ಅಂತ ನಗತ ಕೇಳ್ರಿ, ಕಪ್ಪು ಕೈಯಾಗ ಹಿಡಕೊಂಡು ಆಸೆ ತೋರಿಸಬ್ಯಾಡ್ರಿ.

ಮುಂಬೈ, ಮುಲುಂಡ್‌ನಿಂದ:
ಪುಣೆಯವರು ಹೇಳಿದ್ದು ಸರಿ ಉಂಟು. ಮುಂಬೈಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರ್ ಬಗ್ಗೆ ನಾನು ಹೇಳ್ತೇನೆ. ಅಕ್ಕ, ಗ್ರಾಂಟ್ ರೋಡ್ ಸ್ಟೇಶನ್‌ನಲ್ಲಿ ಇಳಿದು ಮಟನ್ ಸ್ಟ್ರೀಟಿಗೆ ಹೋಗಿ. ಶುಕ್ರವಾರ ಅಂಗಡಿಗಳು ಬಂದ್, ಆದರೆ ಅವತ್ತೇ ಬೆಳಿಗ್ಗೆ ರಸ್ತೆ ಮೇಲೆ ಬಟ್ಟೆ ಹಾಸಿ ಕೂತುಕೊಳ್ಳುವ ಜುಮ್ಮಾ ಬಜಾರ್ ಇರ್ತದೆ, ಚಿಕ್ಕ ಸಾಮಾನಿಗೆ ಅದೇ ಒಳ್ಳೆಯದು. ಅಲ್ಲಿ ಎಗ್ ಕಪ್ ಅಂತ ಕೇಳಿದ್ರೆ ಬೇರೆ ಬೇರೆ ಸಾಮಾನು ತಂದು ಕೊಡ್ತಾರೆ, ಅದು ಅವರ ಮೋಸ ಅಂತಲ್ಲ, ಅವರಿಗೂ ಗೊತ್ತಿರೋದಿಲ್ಲ. ನೀಲಿ ಗಾಜಿನ ಸಣ್ಣ ಕಪ್ಪು, ಬಾಯಿ ಉರುಟಾಗಿರದೆ ಕಣ್ಣಿನ ಆಕಾರಕ್ಕೆ ಉದ್ದ ಇದ್ದರೆ ಅದು ಕಣ್ಣು ತೊಳೆಯುವ ಕಪ್ಪು. ಎರಡೂ ಕಡೆ ಬಾಯಿ ಇರುವ ಸ್ಟೀಲಿನದ್ದು ಬಾರಿನ ಪೆಗ್ ಮೆಜರ್, 30 ಎಂಎಲ್, 60 ಎಂಎಲ್‌ನದ್ದು. ಎರಡು ಬಾಯಿಯ ಎಗ್ ಕಪ್ಪೂ ಉಂಟು, ಅಮೆರಿಕಾದಲ್ಲಿ ಜಾಸ್ತಿ, ಸಣ್ಣ ಕಡೆ ಮೊಟ್ಟೆ ಚಿಪ್ಪು ಸಮೇತ ಕೂರಿಸಲಿಕ್ಕೆ, ದೊಡ್ಡ ಕಡೆ ಒಡೆದು ಹಾಕಿ ಬ್ರೆಡ್ ತುಂಡು ಕಲಸಿ ತಿನ್ನಲಿಕ್ಕೆ. ಒಳಗೆ ಬೆರಳು ಹಾಕಿ, ಮೊಟ್ಟೆಯ ಹಾಗೆ ಗುಂಡಗೆ ಇದ್ದರೆ ಎಗ್ ಕಪ್, ಕೊಳವೆಯ ಹಾಗೆ ನೇರ ಇಳಿದರೆ ಪೆಗ್ಗಿನದ್ದು.

ಇಲ್ಲಿ ಇಂಗ್ಲೆಂಡಿನ ರಾಜಮನೆತನದ ಚಿತ್ರದ ಪಿಂಗಾಣಿ ಕೂಡ ಸಿಗ್ತದೆ. ಎಂಟನೇ ಎಡ್ವರ್ಡ್ ಚಿತ್ರ, 1937ರ ಮೇ ಪಟ್ಟಾಭಿಷೇಕ ಅಂತ ಬರೆದದ್ದು ಕಂಡರೆ, ಆ ಪಟ್ಟಾಭಿಷೇಕ ಆಗಲೇ ಇಲ್ಲ, ಅವರು 1936ರ ಡಿಸೆಂಬರಿನಲ್ಲೇ ಸಿಂಹಾಸನ ಬಿಟ್ಟರು, ಆ ಮೇ ತಿಂಗಳ ದಿನಕ್ಕೇ ಅವರ ತಮ್ಮ ಆರನೇ ಜಾರ್ಜ್‌ಗೆ ಪಟ್ಟ ಆಯ್ತು. ಹಾಗಾಗಿ ಭಾರೀ ಅಪರೂಪ ಅಂತ ರೇಟ್ ಏರಿಸ್ತಾರೆ. ಅಷ್ಟು ಅಪರೂಪ ಏನಲ್ಲ, ಸಿಂಹಾಸನ ಬಿಡುವ ಮೊದಲೇ ರಾಶಿ ರಾಶಿ ಮಾಡಿ ಆಗಿತ್ತು. ಚಿತ್ರ ಇಷ್ಟ ಆದ್ರೆ ತಗೊಳ್ಳಿ, ಕತೆಗೆ ದುಡ್ಡು ಕೊಡ್ಬೇಡಿ.

ವಿದೇಶದಿಂದ ತರಿಸೋದಾದ್ರೆ ಪೋಸ್ಟ್ ಖರ್ಚು ಕಪ್ಪಿನ ರೇಟನ್ನೇ ಮೀರ್ತದೆ, ಮೇಲೆ ಕಸ್ಟಮ್ಸ್. ಗಿಫ್ಟ್ ಅಂತ ಬರೆಸಿದ್ರೆ 5,000 ರೂಪಾಯಿವರೆಗೆ ಮಾಫಿ ಅಂತ ಈಗಲೂ ಕೆಲವರು ಹೇಳ್ತಾರೆ, ಅದು 2019ರ ಡಿಸೆಂಬರಿನಲ್ಲೇ ಹೋಯ್ತು. ಊರಿಗೆ ಬರುವ ನೆಂಟರ ಬ್ಯಾಗಲ್ಲಿ ಸಾಕ್ಸಿನ ಒಳಗೆ ಸುತ್ತಿ ತರಿಸಿದ್ರೆ ಒಡೆಯೋದೂ ಇಲ್ಲ.

ಗೋವಾ, ಮಡಗಾಂವ್‌ನಿಂದ:
ಗೋವಾಕ್ಕೆ ಬಂದರೆ ಅಂಜುನಾ ಬುಧವಾರದ ಮಾರ್ಕೆಟ್ಟಿಗೆ ಹಳೇ ಕಪ್ಪಿನ ಆಸೆ ಇಟ್ಕೊಂಡು ಹೋಗ್ಬೇಡಿ, ಅಲ್ಲಿ ಟೂರಿಸ್ಟ್ ಮಾಲೇ ಜಾಸ್ತಿ. ಮಾಪ್ಸಾ ಶುಕ್ರವಾರದ ಸಂತೆ ನೋಡಿ, ಮತ್ತೆ ಹಳೇ ಫರ್ನಿಚರ್ ಮಾರೋ ಅಂಗಡಿಗಳಲ್ಲಿ ಕಪಾಟಿನ ಒಳಗೆ ಉಳಿದಿರೋ ಸಾಮಾನು ಕೇಳಿ. ಕೆಂಪು ಜುಟ್ಟಿನ, ಮೈಮೇಲೆ ಹೂವು ಬರೆದ ಕರೀ ಬಣ್ಣದ ಹುಂಜ ಸಿಗುತ್ತೆ, ಪೋರ್ಚುಗಲ್‌ನ ಬಾರ್ಸೆಲೋಸ್ ಹುಂಜ ಅದು, ಹುಂಜದ ಚಿತ್ರ ಇರೋ ಎಗ್ ಕಪ್ ಅಂದ್ರೆ ನನಗೆ ಪ್ರಾಣ. ಯಾರದ್ದೋ ಮನೇಲಿ ಸಾವಾಗಿದೆ, ಸಾಮಾನು ಮಾರ್ತಾರೆ ಅಂತ ಕೇಳಿ ಬಾಗಿಲು ಬಡಿಯೋರು ಇದ್ದಾರೆ, ಹಾಗೆ ಮಾತ್ರ ಮಾಡ್ಬೇಡಿ.

ದಾರೀಲಿ ಸಾವಂತವಾಡಿ ಸಿಗುತ್ತಲ್ಲ, ಅಲ್ಲಿ ಚಿತಾರ್ ಆಳಿ ಅನ್ನೋ ಬೀದಿಯಲ್ಲಿ ಮರದ ಬಣ್ಣದ ಆಟಿಕೆ ಮಾಡ್ತಾರೆ, ಅಳತೆ ಕೊಟ್ರೆ ಕಪ್ಪು ಮಾಡಿ ಕೊಡೋರು ಸಿಗ್ತಾರೆ. ಮರದ್ದನ್ನ ನೆನೆಸಿ ಇಡ್ಬೇಡಿ ಅಷ್ಟೇ.

ಮುಂಬೈ, ಬೊರಿವಿಲಿಯಿಂದ:
ನಮ್ಮನೇಲಿ ಮೊಟ್ಟೆ ತರೋ ಹಾಗೇ ಇಲ್ಲ, ಆದ್ರೂ ನಾನು ಕೂಡಿಡ್ತೀನಿ. ಅತ್ತೆಗೆ ಮೊದಲು ಇಷ್ಟ ಇರ್ಲಿಲ್ಲ, ಹೊಸ ಕಪ್ಪು, ಯಾರೂ ಮೊಟ್ಟೆ ಇಟ್ಟಿಲ್ಲ ಅಂತ ತೋರಿಸಿದ ಮೇಲೆ ಒಪ್ಪಿದ್ರು, ಈಗ ನವರಾತ್ರಿ ಗೊಂಬೆ ಕೂರಿಸೋವಾಗ ಕೆಳಗಿನ ಮೆಟ್ಟಿಲು ಇವಕ್ಕೇ. ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿಸಿ ಮಾಡಿಸಿದ್ದು, ಮರದ ಮೊಟ್ಟೆ ಸಮೇತ, ಪೇಟ ಸುತ್ತಿದ ಮುಖ, ಮೂಗುತಿ ಹಾಕಿದ ಮುಖ. ಪುಣೆಯವರು ಹೇಳಿದ ಪರೀಕ್ಷೆ ಇದಕ್ಕೂ ಪಾಸು, ಮೊಟ್ಟೆ ಇಟ್ರೇನೇ ತಲೆ ಬರೋದು!

ಡೊಂಬಿವಿಲಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಳ ನೋಡಿದೆ, ಕಾರ್ಲ್ಟನ್ ವೇರ್ ಅಂತಾನೇ ಇದೆ!! ಕೋಳಿಮರಿಗೆ ಬರೀ ಜಪಾನ್ ಅಂತಿದೆ, ಗುಳಿಯ ಒಳಗೆ ಜೇಡರ ಬಲೆ ಥರ ಸಣ್ಣ ಗೆರೆಗಳು. ಇದು ಒಡೆದಿರೋದಾ? ತೊಳೆದು ಮೊಟ್ಟೆ ಇಡ್ಲಾ?

ಪುಣೆ, ಕೋಥ್ರೂಡ್‌ನಿಂದ:
ಒಡದಿಲ್ರಿ ಅಕ್ಕಾರ, ಮ್ಯಾಲಿನ ಗಾಜಿನ ಪದರ ಅಷ್ಟೇ ಸೀಳೇತಿ, ಮಣ್ಣು ಒಂದಷ್ಟು, ಮೆರಗು ಒಂದಷ್ಟು ಕುಗ್ಗಿದಾಗ ಹಂಗಾಗತದ. ಉಗುರಿನಿಂದ ಮೆತ್ತಗ ತಟ್ಟಿ ಕೇಳ್ರಿ, ಠಣ್ ಅಂದ್ರ ಗಟ್ಟಿ, ಮೊಂಡ ಸಪ್ಪಳ ಬಂದ್ರ ಎಲ್ಲೋ ಆಳದ ಬಿರುಕು ಐತಿ. ಆದ್ರ ಅದರಾಗ ತಿನ್ನಬ್ಯಾಡ್ರಿ. ಹಳೇ ಬಣ್ಣ, ಮೆರಗಿನಾಗ ಸೀಸ ಇರೂ ಸಾಧ್ಯತೆ ಐತಿ, ಆ ಗೆರಿಯೊಳಗ ಹಳದಿ ಇಳದ್ರ ತೆಗಿಯಾಕೂ ಆಗಂಗಿಲ್ಲ. ತಿನ್ನಾಕ ಈಗಿನ ಹೊಸಾ ಕಪ್ಪು ಇಟ್ಕೋರಿ, ಉತ್ತರ ಪ್ರದೇಶದ ಖುರ್ಜಾದ್ದು ಚಲೋ ಇರತಾವ. ಬೆಚ್ಚಗಿನ ನೀರಾಗ ಸ್ವಲ್ಪ ಸೋಪು, ಹಳೇ ಮೆತ್ತನ ಬನಿಯನ್ ಅರಬಿ, ಅಷ್ಟ ಸಾಕು. ಬ್ಲೀಚ್ ಬ್ಯಾಡ, ಸ್ಕ್ರಬ್ಬರ್ ಬ್ಯಾಡ, ಆ ಮುತ್ತಿನ ಹೊಳಪು ಕೂದಲಷ್ಟೂ ದಪ್ಪ ಇರಂಗಿಲ್ಲ, ತಿಕ್ಕಿದ್ರ ಹೋತು.

ಮುಂಬೈ, ಮುಲುಂಡ್‌ನಿಂದ:
ಬೆಳ್ಳಿ ಲೇಪದ್ದು, ತಳದಲ್ಲಿ ಇಪಿಎನ್‌ಎಸ್ ಅಂತ ಇರುವಂಥದ್ದು ಮುಂದೆ ತಗೊಂಡ್ರೆ ಮೊಟ್ಟೆಯ ಹಳದಿ ತಾಗಿಸ್ಬೇಡಿ, ಅದರಲ್ಲಿರುವ ಗಂಧಕದಿಂದ ಕಪ್ಪಾಗ್ತದೆ. ಅದಕ್ಕೇ ಹಿಂದಿನವರು ಒಳಗೆ ಚಿನ್ನದ ನೀರು ಹಾಕಿಸ್ತಿದ್ರು, ಚಮಚ ಕೊಂಬಿನದ್ದೋ ಮುತ್ತಿನ ಚಿಪ್ಪಿನದ್ದೋ ಇಡ್ತಿದ್ರು. ರಬ್ಬರ್ ಬ್ಯಾಂಡೂ ಹತ್ತಿರ ಇಡ್ಬೇಡಿ, ಅದರಲ್ಲೂ ಗಂಧಕ ಉಂಟು. ನಿಮ್ಮದು ಟ್ರ್ಯಾಕ್ ಪಕ್ಕ ಅಂದ್ರಲ್ಲ, ಫಾಸ್ಟ್ ಲೋಕಲ್ ಹೋಗುವಾಗ ಶೋಕೇಸಿನ ಸಾಮಾನು ಸ್ವಲ್ಪ ಸ್ವಲ್ಪವೇ ಮುಂದೆ ಜರುಗ್ತದೆ, ಕಣ್ಣಿಗೆ ಗೊತ್ತೇ ಆಗೋದಿಲ್ಲ. ಮ್ಯೂಸಿಯಂ ಪುಟ್ಟಿ ಅಂತ ಮೆತ್ತನೆಯ ಅಂಟು ಮುದ್ದೆ ಸಿಗ್ತದೆ, ಕಡಲೆಕಾಳಿನಷ್ಟು ಅಡಿಗೆ ಅಂಟಿಸಿ, ತೆಗೆಯುವಾಗ ತಿರುಗಿಸಿ ತೆಗೀರಿ, ಎಳೀಬೇಡಿ. ಮತ್ತೆ ಆ ನಡೆಯುವ ಕಾಲಿನದ್ದರ ಫೋಟೋ ಹಾಕಿ ಅಕ್ಕ, ಯಾವ ಭಂಗಿಯದ್ದು ಅಂತ ನೋಡುವ.