ಸ್ಯಾಂಟಾ ಕ್ಲಾರಾ ಕೌಂಟಿಗೆ ಹೊಸಬರು: ಯಾವ ಕೆಲಸಕ್ಕೆ ಯಾರ ಬಾಗಿಲು?

ಮೈಸೂರ್ ಪಾಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದೇವೆ. ಗಂಡ, ನಾನು, ಮಗಳು. ಆಗಸ್ಟ್‌ಗೆ ಅವಳಿಗೆ ಐದು ತುಂಬುತ್ತದೆ. ಆಫೀಸು ಸನಿವೇಲ್‌ನಲ್ಲಿ. ಫೋಟೋ ನೋಡಿ ಒಪ್ಪಿಕೊಂಡ ಬಾಡಿಗೆ ಮನೆಯ ವಿಳಾಸ ಸ್ಯಾನ್ ಹೋಸೆ. ಶಾಲೆ ಮಾತ್ರ ಕುಪರ್ಟಿನೋದ್ದು ಅಂತ ಮಾಲೀಕರು ಹೇಳುತ್ತಾರೆ. ಇದೆಲ್ಲಾ ಸ್ಯಾಂಟಾ ಕ್ಲಾರಾ ಕೌಂಟಿಯೊಳಗೇ ಅಂತೆ, ಮತ್ತೆ ಸ್ಯಾಂಟಾ ಕ್ಲಾರಾ ಅಂತ ಬೇರೆ ಊರೂ ಇದೆಯಂತೆ! ಕೌಂಟಿ ಅಂದರೆ ನಮ್ಮ ಜಿಲ್ಲೆಯಾ? ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು? ಚಳಿಗಾಲಕ್ಕೆ ಅತ್ತೆ ಮಾವನೂ ಬರುತ್ತಾರೆ. ಅನುಭವ ಇರುವವರು ಹೇಳಿ ಪ್ಲೀಸ್.

ಸನಿವೇಲ್ ಶಾನುಭೋಗ:

ಜಿಲ್ಲೆ ಅಂದುಕೊಂಡರೆ ಅರ್ಧ ಸರಿ. ನಾನೂ ಹಾಗೇ ಅಂದುಕೊಂಡು ಮೊದಲ ವರ್ಷ ಸುಮ್ನೆ ಮೂರು ಕಚೇರಿ ಅಲೆದೆ.

ನಮ್ಮಲ್ಲಿ ಡಿಸಿ ಅಂತ ಒಬ್ಬರಿರುತ್ತಾರೆ, ಸರ್ಕಾರ ಕಳಿಸಿದವರು. ಎಲ್ಲೂ ಕೆಲಸ ಆಗದಿದ್ದರೆ ಕೊನೆಗೆ ಅವರಿಗೊಂದು ಅರ್ಜಿ ಕೊಡಬಹುದು. ಇಲ್ಲಿ ಅಂಥವರಿಲ್ಲ. ಐದು ಜನ ಸೂಪರ್‌ವೈಸರ್‌ಗಳ ಮಂಡಳಿ ಇದೆ. ಜನರೇ ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ. (ಸೂಪರ್‌ವೈಸರ್ ಅಂದ ಕೂಡಲೇ ನನಗೆ ಗಾರ್ಮೆಂಟ್ ಫ್ಯಾಕ್ಟರಿ ನೆನಪಾಗಿತ್ತು.) ದಿನದ ಆಡಳಿತ ನೋಡಲು ಮಂಡಳಿ ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ಕೌಂಟಿಯ ಪೊಲೀಸ್ ಕೆಲಸ ನೋಡುವ ಶೆರಿಫ್, ಜಿಲ್ಲಾ ಸರ್ಕಾರಿ ವಕೀಲರು, ಆಸ್ತಿಗೆ ಬೆಲೆ ಕಟ್ಟುವ ಅಸೆಸರ್ ಕೂಡ ಚುನಾವಣೆ ಗೆದ್ದೇ ಬರಬೇಕು. ಯಾರಿಗೂ ಯಾರೂ ಪೂರ್ತಿ ಬಾಸ್ ಅಲ್ಲ.

ರಾಜ್ಯದಲ್ಲಿ 58 ಕೌಂಟಿಗಳಿವೆ. ನಮ್ಮದು 1850ರಲ್ಲಿ ಮೊದಲ ಸಾಲಿನಲ್ಲೇ ಆದದ್ದು. 2020ರ ಜನಗಣತಿಯಲ್ಲಿ 19 ಲಕ್ಷ ಚಿಲ್ಲರೆ ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾನ್ ಹೋಸೆಯಲ್ಲೇ. ಕೌಂಟಿಯ ಮುಖ್ಯ ಕಚೇರಿಗಳೂ ಅಲ್ಲೇ. ಒಟ್ಟು 15 ಊರುಗಳಿಗೆ ಸ್ವಂತ ಆಡಳಿತ ಇದೆ. ಈ ಊರುಗಳು ಕೌಂಟಿಯ ಕೈಕೆಳಗಿನ ತಾಲ್ಲೂಕುಗಳಲ್ಲ, ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಕಸ, ಬೀದಿ ದೀಪ, ಮನೆ ಕಟ್ಟುವ ಪರವಾನಗಿ ಎಲ್ಲಾ ಊರಿನ ಸಿಟಿ ಹಾಲ್‌ನದ್ದು. ಜನನ ಪ್ರಮಾಣಪತ್ರ, ಮದುವೆ ಲೈಸೆನ್ಸ್, ಆಸ್ತಿ ನೋಂದಣಿ, ಸಾರ್ವಜನಿಕ ಆರೋಗ್ಯ, ಮತದಾರರ ಪಟ್ಟಿ ಇವು ಕೌಂಟಿಯದ್ದು. ಡ್ರೈವಿಂಗ್ ಲೈಸೆನ್ಸ್ ರಾಜ್ಯದ್ದು. ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಂದ್ರದ್ದು. ನೀವು ಬಂದ ಮೊದಲ ತಿಂಗಳು ಬೇಕಾಗುವುದು ಕೊನೆಯ ಎರಡೇ, ಅವೆರಡೂ ಕೌಂಟಿಗೆ ಸಂಬಂಧ ಇಲ್ಲ!

ಇನ್ನೊಂದು ತಮಾಷೆ. ವಿಳಾಸದಲ್ಲಿ ಸ್ಯಾನ್ ಹೋಸೆ ಅಂತ ಇರುವುದು ಅಂಚೆಯವರ ಅನುಕೂಲಕ್ಕೆ. ಊರಿನ ನಡುವೆಯೇ ಯಾವ ಸಿಟಿಗೂ ಸೇರದ ತುಂಡು ಜಾಗಗಳಿವೆ. ಬೆಂಗಳೂರು ಪಿನ್‌ಕೋಡ್ ಇದ್ದು ಗ್ರಾಮ ಪಂಚಾಯ್ತಿಗೆ ಕಂದಾಯ ಕಟ್ಟುವ ಹಾಗೆ ಅಂತ ಇಟ್ಟುಕೊಳ್ಳಿ. ಅಲ್ಲಿ ಪೊಲೀಸ್ ಬದಲು ಶೆರಿಫ್ ಬರುತ್ತಾರೆ, ಮನೆಗೊಂದು ಕೋಣೆ ಸೇರಿಸಲೂ ಕೌಂಟಿಯನ್ನೇ ಕೇಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ಹೆಚ್ಚಿನಂಶ ಇಂಥ ಜಾಗದಲ್ಲಿದೆ.

ಕೋಲಾರದ ಬೋರ್‌ವೆಲ್:

ಶಾನುಭೋಗರು ಕಚೇರಿ ಹೇಳಿದರು, ನಾನು ನೆಲ ಹೇಳುತ್ತೇನೆ. ನೆಲ ಗೊತ್ತಾದರೆ ನೀರಿನ ಬಿಲ್ಲು ಯಾಕೆ ಅಷ್ಟು ಬರುತ್ತದೆ ಅಂತಲೂ ಗೊತ್ತಾಗುತ್ತದೆ.

ಪಶ್ಚಿಮಕ್ಕೆ ಸ್ಯಾಂಟಾ ಕ್ರೂಜ್ ಬೆಟ್ಟಗಳು, ಪೂರ್ವಕ್ಕೆ ಡಯಾಬ್ಲೋ ಸಾಲು, ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ತುದಿ. ನಡುವೆ ಚಪ್ಪಟೆ ಕಣಿವೆ. ಪೂರ್ವದ ಹ್ಯಾಮಿಲ್ಟನ್ ಬೆಟ್ಟದ ಮೇಲೆ ಬೆಳ್ಳಗೆ ಕಾಣುವುದು 1888ರಲ್ಲಿ ಶುರುವಾದ ಲಿಕ್ ವೀಕ್ಷಣಾಲಯ. ಸಮುದ್ರದ ಮೋಡ ಪಶ್ಚಿಮದ ಬೆಟ್ಟದಲ್ಲೇ ಸುರಿದುಬಿಡುತ್ತದೆ. ಈಚೆ ನಮ್ಮದು ಪಕ್ಕಾ ಬಯಲುಸೀಮೆ. ಸ್ಯಾನ್ ಹೋಸೆಗೆ ವರ್ಷಕ್ಕೆ ಬೀಳುವುದು 15 ಇಂಚಿನ ಆಸುಪಾಸು, ಅದೂ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹನಿ ಇಲ್ಲ.

ಕಂಪ್ಯೂಟರ್ ಬರುವ ಮುಂಚೆ ಇಲ್ಲೆಲ್ಲಾ ಏಪ್ರಿಕಾಟ್, ಚೆರ್ರಿ, ಪ್ಲಮ್ ತೋಟಗಳು. ತೋಟಕ್ಕೆ ಅಂತ ಬಾವಿ ಕೊರೆದು ಎಷ್ಟು ನೀರು ಎತ್ತಿದರು ಅಂದರೆ ನೆಲವೇ ಕುಸಿಯಿತು. ಸ್ಯಾನ್ ಹೋಸೆಯ ಪೇಟೆ ಭಾಗ ಸುಮಾರು 13 ಅಡಿ ಇಳಿಯಿತು! ಕೊಲ್ಲಿಯ ಪಕ್ಕದ ಅಲ್ವಿಸೋ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋಯಿತು. 1960ರ ದಶಕದ ಕೊನೆಗೆ ಹೊರಗಿನ ನೀರು ತಂದ ಮೇಲೇ ಅದು ನಿಂತದ್ದು. ಕೋಲಾರದಲ್ಲಿ ಸಾವಿರದೈನೂರು ಅಡಿ ಕೊರೆದು ಧೂಳು ನೋಡಿ ಬಂದ ನನಗೆ ಇದನ್ನು ಓದಿದಾಗ ಹೊಟ್ಟೆಯೊಳಗೆ ಏನೋ ಆಯಿತು.

ಈಗ ವ್ಯಾಲಿ ವಾಟರ್ ಅಂತ ಬೇರೆಯೇ ಸಂಸ್ಥೆ ಇದೆ. ಕೌಂಟಿಯ ಹೆಚ್ಚುಕಮ್ಮಿ ಅಷ್ಟೇ ಜಾಗ ನೋಡಿಕೊಂಡರೂ ಅದು ಕೌಂಟಿ ಸರ್ಕಾರ ಅಲ್ಲ. ಅದಕ್ಕೆ ಏಳು ನಿರ್ದೇಶಕರು, ಅವರನ್ನೂ ಜನರೇ ಆರಿಸುತ್ತಾರೆ. ಹತ್ತು ಜಲಾಶಯ ಇಟ್ಟುಕೊಂಡಿದೆ, ಹೊಂಡಗಳಲ್ಲಿ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತದೆ. ನಮ್ಮ ಕೆರೆಗಳು ಮಾಡುತ್ತಿದ್ದ ಕೆಲಸ ಅದೇ ಅಲ್ವಾ? ಅಲ್ಲಿಂದ ನಲ್ಲಿಗೆ ತರುವುದು ಮಾತ್ರ ಸ್ಯಾನ್ ಹೋಸೆಯ ಬಹುಪಾಲು ಕಡೆ ಖಾಸಗಿ ಕಂಪನಿ.

ಮನೆ ತೊರೆಯ ಪಕ್ಕ ಇದ್ದರೆ ಪ್ರವಾಹದ ನಕ್ಷೆ ನೋಡಿ. 2017ರ ಫೆಬ್ರವರಿಯಲ್ಲಿ ಆ್ಯಂಡರ್ಸನ್ ಜಲಾಶಯ ತುಂಬಿ ಹರಿದು, ಕಯೋಟಿ ತೊರೆ ಉಕ್ಕಿ, ಸುಮಾರು 14 ಸಾವಿರ ಜನ ಮನೆ ಬಿಡಬೇಕಾಯಿತು. ಭೂಕಂಪದ ಭಯಕ್ಕೆ 2020ರಲ್ಲಿ ಆ ಜಲಾಶಯವನ್ನೇ ಖಾಲಿ ಮಾಡಿಸಿದರು.

ಬೆಣ್ಣೆ ದೋಸೆ ದಾವಣಗೆರೆ:

ಬಾಡಿಗೆಯವರಿಗೆ ಇದು ಈಗ ಬೇಡ. ಆದರೂ ಮುಂದೆ ಮನೆ ಕೊಂಡರೆ ನನ್ನ ಹಾಗೆ ಬೆವರಬೇಡಿ.

1978ರಲ್ಲಿ ರಾಜ್ಯದ ಜನ ಮತ ಹಾಕಿ ಒಂದು ನಿಯಮ ತಂದರು. ಮೂಲ ಆಸ್ತಿ ತೆರಿಗೆ ಬೆಲೆಯ ಶೇ 1. ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಮನೆ ಕೈ ಬದಲಾಗುವವರೆಗೆ. ಹಾಗಾಗಿ ನಲವತ್ತು ವರ್ಷದಿಂದ ಇರುವ ಪಕ್ಕದ ಮನೆ ಅಜ್ಜಿ ಅದೇ ಥರದ ಮನೆಗೆ ನನ್ನ ತೆರಿಗೆಯ ಸಣ್ಣ ಪಾಲು ಕಟ್ಟುತ್ತಾರೆ.

ಬೆವರಿದ್ದು ಇದಕ್ಕೆ: ಕೊಂಡ ಮೇಲೆ ಹಳೇ ಬೆಲೆಗೂ ಹೊಸ ಬೆಲೆಗೂ ಇರುವ ವ್ಯತ್ಯಾಸಕ್ಕೆ ಪ್ರತ್ಯೇಕ ಬಿಲ್ಲು ಬರುತ್ತದೆ, ಸಪ್ಲಿಮೆಂಟಲ್ ಅಂತಾರೆ. ನೇರ ನಿಮ್ಮ ಮನೆಗೆ. ತೆರಿಗೆ ಎಲ್ಲಾ ಸಾಲದ ಬ್ಯಾಂಕೇ ಕಟ್ಟುತ್ತದೆ ಅಂದುಕೊಂಡು ಆ ಲಕೋಟೆಯನ್ನು ಜಾಹೀರಾತಿನ ಕಾಗದಗಳ ಜೊತೆ ಇಟ್ಟುಬಿಟ್ಟೆ. ಮೇಲೆ ಶೇ 10 ದಂಡ ಬಿತ್ತು. ಹೆಂಡತಿ ಈಗಲೂ ಹಬ್ಬಹಬ್ಬಕ್ಕೆ ನೆನಪಿಸುತ್ತಾಳೆ. ಮಾಮೂಲಿ ಬಿಲ್ಲಿನ ಕೊನೆ ದಿನ ಡಿಸೆಂಬರ್ 10 ಮತ್ತು ಏಪ್ರಿಲ್ 10.

ಹಾಸನದ ಹುಡುಗಿ:

ಮಗಳ ವಿಷಯ ಯಾರೂ ಹೇಳಲಿಲ್ಲವಲ್ಲ!

ಸೆಪ್ಟೆಂಬರ್ 1ರೊಳಗೆ ಐದು ತುಂಬಿದರೆ ಕಿಂಡರ್‌ಗಾರ್ಟನ್. ನಿಮಗೆ ಸರಿಹೋಯಿತು. ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವುದು ಮತ್ತೂ ಬೇರೆ ಸರ್ಕಾರ, ಕೌಂಟಿಯಲ್ಲಿ ಅಂಥವು ಮೂವತ್ತೊಂದು. ಅವುಗಳ ಗಡಿಗೂ ಊರಿನ ಗಡಿಗೂ ಸಂಬಂಧವಿಲ್ಲ. ಕುಪರ್ಟಿನೋ ಡಿಸ್ಟ್ರಿಕ್ಟ್ ಸ್ಯಾನ್ ಹೋಸೆ, ಸನಿವೇಲ್, ಸಾರಾಟೋಗದೊಳಕ್ಕೂ ನುಗ್ಗಿದೆ. ಮಾಲೀಕರ ಮಾತು ನಂಬಬೇಡಿ ಅಂತಲ್ಲ, ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಮನೆ ನಂಬರ್ ಸಮೇತ ಹಾಕಿ ನೋಡಿ, ಆಮೇಲೆ ಸಹಿ ಮಾಡಿ.

ಲಸಿಕೆ ಕಾರ್ಡು ಕೈಚೀಲದಲ್ಲೇ ತನ್ನಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವುದು ಎಂಆರ್, ಇಲ್ಲಿ ಕೇಳುವುದು ಎಂಎಂಆರ್, ಅಂದರೆ ಮಂಗನಬಾವಿನದ್ದೂ ಸೇರಿ. ಚಿಕನ್‌ಪಾಕ್ಸ್ ಲಸಿಕೆಯೂ ಬೇಕು. ಇದು ರಾಜ್ಯದ ನಿಯಮ. ಅದರ ಮೇಲೆ ಈ ಕೌಂಟಿಯವರು ಶಾಲೆಗೆ ಸೇರುವ ಮಕ್ಕಳಿಗೆ ಟಿಬಿ ಫಾರಂ ಕೇಳುತ್ತಾರೆ. ಭಾರತದಿಂದ ಬಂದ ಮಗು ಅಂದರೆ ಸಾಮಾನ್ಯವಾಗಿ ಪರೀಕ್ಷೆಯೂ ಆಗಬೇಕು. ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡ ನಮ್ಮ ಮಕ್ಕಳಿಗೆ ಚರ್ಮದ ಪರೀಕ್ಷೆ ಮಾಡಿದರೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆಯನ್ನೇ ಕೇಳಿ. ನನಗೆ ಇದು ಗೊತ್ತಿಲ್ಲದೆ ಮಗನ ಎದೆಯ ಎಕ್ಸ್‌ರೇ ತೆಗೆಸುವವರೆಗೂ ಹೋಯಿತು, ಶಾಲೆ ಎರಡು ವಾರ ತಡ.

ಅತ್ತೆ ಮಾವನಿಗೆ: ಕೌಂಟಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಒಳ್ಳೆಯದೂ ಹೌದು. ಆದರೆ ನಮ್ಮ ಜಿಲ್ಲಾಸ್ಪತ್ರೆಯ ಹಾಗೆ ಚೀಟಿ ಮಾಡಿಸಿ ಹೋಗುವುದಲ್ಲ. ತುರ್ತಾದರೆ ನೋಡುತ್ತಾರೆ, ಬಿಲ್ಲು ಆಮೇಲೆ ಬರುತ್ತದೆ. ವಿಮೆ ಇಲ್ಲದೆ ವಿಮಾನ ಹತ್ತಿಸಬೇಡಿ. ಸಂಜೆ ಹೊತ್ತು ಕಳೆಯಲು ಲೈಬ್ರರಿ ಚಿನ್ನದಂಥದ್ದು. ಕುಪರ್ಟಿನೋದ ಲೈಬ್ರರಿ ಕೌಂಟಿ ಜಾಲದ್ದು, ಸ್ಯಾನ್ ಹೋಸೆಯದ್ದು ಸಿಟಿಯದ್ದು. ನೀವು ಎರಡರ ಕಾರ್ಡೂ ಮಾಡಿಸಿ, ದುಡ್ಡಿಲ್ಲ.

ಫ್ರೀಮಾಂಟ್ ಪಕ್ಕದವನು:

ನಾಲ್ಕು ಚೂರು ಮಾತು. ಫ್ರೀಮಾಂಟ್‌ನಲ್ಲಿ ನಮ್ಮವರು ತುಂಬಾ ಇದ್ದಾರೆ, ಆದರೆ ಅದು ಅಲಮೇಡಾ ಕೌಂಟಿ, ಅಲ್ಲಿನವರ ಸಲಹೆಯನ್ನು ಇಲ್ಲಿಗೆ ಹಚ್ಚಬೇಡಿ. ಸನಿವೇಲ್‌ಗೆ ಹೋಗುವ ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಕೌಂಟಿಯ ರಸ್ತೆ. ಹೆಸರು ಎಕ್ಸ್‌ಪ್ರೆಸ್, ಸಿಗ್ನಲ್ ಇದ್ದೇ ಇರುತ್ತದೆ. ವಿಟಿಎ ಬಸ್ಸು, ಲಘು ರೈಲು ಇವೆ, ಆದರೆ ನಿಮ್ಮ ಕಡೆಗೆ ಕಾರೇ ಗತಿ. ಅಲರ್ಟ್‌ಎಸ್‌ಸಿಸಿಗೆ ಫೋನ್ ನಂಬರ್ ಕೊಟ್ಟಿಡಿ, ಬೆಂಕಿ, ಪ್ರವಾಹದ ಎಚ್ಚರಿಕೆ ಕೌಂಟಿಯಿಂದ ಬರುತ್ತದೆ. ಹೋಟೆಲ್ ಬಾಗಿಲಲ್ಲಿ ಹಸಿರು ಫಲಕ ಇದ್ದರೆ ಕೌಂಟಿಯ ತಪಾಸಣೆಯಲ್ಲಿ ಪಾಸಾಗಿದೆ ಅಂತ. ದೋಸೆ ರುಚಿಗೆ ಅವರು ಜವಾಬ್ದಾರರಲ್ಲ.

ಮೈಸೂರ್ ಪಾಕ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಸನದ ಅಕ್ಕ ಹೇಳಿದ ಹಾಗೆ ಮನೆ ನಂಬರ್ ಹಾಕಿ ನೋಡಿದೆ. ನಮ್ಮ ಬೀದಿಯ ಎಡಗಡೆ ಮನೆಗಳಿಗೆ ಕುಪರ್ಟಿನೋ ಡಿಸ್ಟ್ರಿಕ್ಟ್. ನಮ್ಮದು ಬಲಗಡೆ. ಅದು ಮೋರ್‌ಲ್ಯಾಂಡ್ ಅಂತೆ! ಮಾಲೀಕರಿಗೆ ಈಗಷ್ಟೇ ಮೆಸೇಜ್ ಹಾಕಿದ್ದೇನೆ, ಇನ್ನೂ ನೀಲಿ ಟಿಕ್ ಬಂದಿಲ್ಲ.

ಹಾಸನದ ಹುಡುಗಿ:

ನನ್ನ ಮಗ ಓದುತ್ತಿರುವುದು ಮೋರ್‌ಲ್ಯಾಂಡ್‌ನಲ್ಲೇ. ಚೆನ್ನಾಗಿದೆ. ಮನೆ ಬಿಡಬೇಡಿ, ಬಾಡಿಗೆ ಸ್ವಲ್ಪ ಇಳಿಸಿ ಅಂತ ಕೇಳಿ.