ಒಣಗಿಸಿದ ಬೀನ್ಸ್ ಮೂರೇ ದಿನಕ್ಕೆ ಮೆತ್ತಗಾಗುತ್ತಿದೆ, ಒಣಹುಲ್ಲಿನ ವಾಸನೆ ಬೇರೆ

ಡೊಂಬಿವಲಿ ಅಡುಗೆಮನೆ:
ಈ ಜುಲೈಯಲ್ಲಿ ಇದು ಮೂರನೆಯ ಸಲ. ಬೀನ್ಸನ್ನು ತೊಳೆದು, ನಾರು ತೆಗೆದು, ಹೆಚ್ಚಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿದ ನಂತರವೇ ತರಕಾರಿ ಒಣಗಿಸುವ ಯಂತ್ರದ ತಟ್ಟೆಗಳಲ್ಲಿ ಹರಡಿದ್ದೆ. ಒಣಗಿದಾಗ ಕಡ್ಡಿಯಂತೆ ಮುರಿಯುತ್ತಿತ್ತು. ಡಬ್ಬಿ ಸೇರಿದ ಮೂರನೆಯ ದಿನಕ್ಕೆ ತೊಗಲಿನಂತೆ ಬಾಗುತ್ತದೆ, ಮುಚ್ಚಳ ತೆರೆದರೆ ಒಣಹುಲ್ಲಿನ ವಾಸನೆ ಬರುತ್ತದೆ. ನನ್ನ ಕ್ರಮದಲ್ಲಿ ತಪ್ಪಿಲ್ಲ, ಯಂತ್ರವೇ ಕೆಟ್ಟದ್ದಿರಬೇಕು.

ಪುಣೆ ಚಾರಣಿಗ:
ಯಂತ್ರವನ್ನು ದೂರಬೇಡಿ ಅಕ್ಕಾ. ಒಣಹುಲ್ಲಿನ ವಾಸನೆ ಬಂದರೆ, ಕುದಿನೀರಿನ ಬಿಸಿಗೆ ನಿಂತುಹೋಗಬೇಕಿದ್ದ, ಕಾಯಿಯ ಬಣ್ಣ-ವಾಸನೆ ಕೆಡಿಸುವ ಕಿಣ್ವಗಳು ಇನ್ನೂ ಕೆಲಸ ಮಾಡುತ್ತಿವೆ ಎಂದು ತಿಳಿಯಬೇಕು. ಇಡೀ ಕಿಲೋ ಕಾಯಿಯನ್ನು ಸಣ್ಣ ಪಾತ್ರೆಗೆ ಒಮ್ಮೆಲೇ ಸುರಿದರೆ ಕುದಿ ನಿಂತುಬಿಡುತ್ತದೆ. ನಿಮಿಷಗಳನ್ನು ಎಣಿಸಬೇಕಾದದ್ದು ನೀರು ಮತ್ತೆ ಕುದಿಗೆ ಬಂದ ಮೇಲೆ. ನಮ್ಮ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದ್ದು ಇಲ್ಲಿ ನೀರು ಹತ್ತಿರಹತ್ತಿರ 98 ಡಿಗ್ರಿಯಲ್ಲೇ ಕುದಿಯುವುದರಿಂದ ನಾನು ಅರ್ಧ ನಿಮಿಷ ಹೆಚ್ಚೇ ಬೇಯಿಸುತ್ತೇನೆ. ನನ್ನ ಹತ್ತು ತಟ್ಟೆಯ ಯಂತ್ರದಲ್ಲಿ ಒಣಗಿಸಿದ ಬೀನ್ಸ್ ಚಾರಣದ ಪಲಾವಿನಲ್ಲಿ ಹಸಿರಾಗಿಯೇ ಅರಳುತ್ತದೆ.

ಮಡಗಾಂವ್ ಮಳೆಗಾಲ:
ಅವರು ಕೇಳಿದ್ದು ಡೊಂಬಿವಲಿಯ ಬೀನ್ಸಿನ ಬಗ್ಗೆ, ಪುಣೆಯ ಎತ್ತರದ ಬಗ್ಗೆ ಅಲ್ಲ. ನೀರಿನಲ್ಲಿ ಬೇಯಿಸುವುದಕ್ಕಿಂತ ಇಡ್ಲಿ ಪಾತ್ರೆಯಲ್ಲಿ ಹಬೆಗಿಡುವುದು ಮೇಲು. ಸತ್ವ ನೀರಿಗಿಳಿದು ಹೋಗುವುದು ಕಡಿಮೆ. ಬಣ್ಣ ಬೇಕೆಂದರೆ ನೀರಿಗೆ ಒಂದು ಚಿಟಿಕೆ ಸೋಡಾ ಹಾಕಬಹುದು.

ಪುಣೆ ಚಾರಣಿಗ:
ಸೋಡಾ ಬಣ್ಣ ಉಳಿಸುತ್ತದೆ, ನಿಜ. ಆದರೆ ಕಾಯಿಯನ್ನು ತೀರಾ ಮೆತ್ತಗೆ ಮಾಡಿ, ಬಿ1 ಮತ್ತು ಸಿ ಜೀವಸತ್ವಗಳನ್ನು ಕೆಡಿಸುತ್ತದೆ. ಸತ್ವದ ಮಾತೆತ್ತಿದವರೇ ಸೋಡಾ ಹಾಕಿಸುವುದು ಸೋಜಿಗ. ಅಕ್ಕಾ, ಪಾತ್ರೆಯ ಅಳತೆಯನ್ನು ನೀವಿನ್ನೂ ಹೇಳಿಲ್ಲ.

ಮಾಟುಂಗಾ ಮಾಳಿಗೆ:
ಪಾತ್ರೆಯ ವಿಚಾರ ಆಮೇಲೆ ನೋಡೋಣ. ಯಂತ್ರ ನಿಂತದ್ದು ಎಷ್ಟು ಗಂಟೆಗೆ, ಡಬ್ಬಿಗೆ ತುಂಬಿದ್ದು ಎಷ್ಟು ಗಂಟೆಗೆ?

ಡೊಂಬಿವಲಿ ಅಡುಗೆಮನೆ:
ಇದನ್ನೂ ಹೇಳಬೇಕಿತ್ತೆ? ರಾತ್ರಿ ಹನ್ನೊಂದಕ್ಕೆ ಯಂತ್ರ ತಾನೇ ನಿಲ್ಲುತ್ತದೆ, ಬೆಳಿಗ್ಗೆ ಆರೂವರೆಗೆ ತುಂಬುತ್ತೇನೆ. ಪಾತ್ರೆ ಮೂರು ಲೀಟರಿನದು; ಇಡೀ ಕಿಲೋ ಒಮ್ಮೆಲೇ ಹಾಕಿದ್ದು ನಿಜ.

ಮಾಟುಂಗಾ ಮಾಳಿಗೆ:
ಮೆತ್ತಗಾಗುವುದಕ್ಕೆ ಕಾರಣ ಆ ಏಳೂವರೆ ಗಂಟೆ. ಮುಂಬಯಿಯ ಜುಲೈ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 80ರ ಮೇಲಿರುತ್ತದೆ, ಚೆನ್ನಾಗಿ ಒಣಗಿದ ತರಕಾರಿ ಅದನ್ನು ಹೀರದೆ ಬಿಡುವುದಿಲ್ಲ. ಬಾಳಕ ಮೆಣಸಿನಕಾಯಿಯನ್ನು ನಮ್ಮ ಹಿರಿಯರು ಬೇಸಿಗೆಯಲ್ಲೇ ಮಾಡಿ, ಸಂಜೆಯಾಗುತ್ತಲೇ ಮಾಳಿಗೆಯಿಂದ ಒಳಗೆ ತರುತ್ತಿದ್ದುದು ಸುಮ್ಮನೆ ಅಲ್ಲ. ಬೂಸಲು ಕಂಡರೆ ಚೆಲ್ಲಿಬಿಡಿ; ಇಲ್ಲದಿದ್ದರೆ 60 ಡಿಗ್ರಿಯಲ್ಲಿ ಮತ್ತೆ ಕಡ್ಡಿಯಾಗುವ ತನಕ ಒಣಗಿಸಿ, ಬಿಸಿ ಆರಿದ ಕೂಡಲೇ ಗಾಜಿನ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಡೊಂಬಿವಲಿ ಅಡುಗೆಮನೆ:
ಬೂಸಲು ಇರಲಿಲ್ಲ. ಹಾಗೆಯೇ ಮಾಡಿದೆ, ಐದು ದಿನವಾದರೂ ಮುರಿಯುತ್ತಿದೆ. ವಾಸನೆ ಮಾತ್ರ ಹೋಗಿಲ್ಲ.

ಪುಣೆ ಚಾರಣಿಗ:
ವಾಸನೆಯ ಮೂಲ ಬೇಯಿಸಿದ ಕ್ರಮದಲ್ಲಿದೆ ಎಂದು ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ.

ಮಡಗಾಂವ್ ಮಳೆಗಾಲ:
ಹೇಳಿದ್ದಿರಿ, ಸರಿ. ಆದರೆ ಮೆತ್ತಗಾಗುವುದಕ್ಕೂ ಅದೇ ಕಾರಣ ಎಂಬಂತೆ ಪಾತ್ರೆಯನ್ನೇ ಹಿಡಿದು ಕೂತಿದ್ದಿರಿ.

ಮಾಟುಂಗಾ ಮಾಳಿಗೆ:
ಒಮ್ಮೆ ಬಂದ ಆ ವಾಸನೆ ಮತ್ತೆ ಒಣಗಿಸಿದರೆ ಹೋಗುವುದಿಲ್ಲ. ಮುಂದಿನ ಸಲ ಕಾಲು ಕಿಲೋದಂತೆ ಬೇಯಿಸಿ, ಯಂತ್ರ ನಿಮ್ಮ ಎಚ್ಚರದ ಹೊತ್ತಿನಲ್ಲಿ ನಿಲ್ಲುವಂತೆ ಬೆಳಿಗ್ಗೆಯೇ ಹಚ್ಚಿ.

ಡೊಂಬಿವಲಿ ಅಡುಗೆಮನೆ:
ಬೆಳಿಗ್ಗೆ ನಾನು ಕಚೇರಿಗೆ ಹೊರಡುತ್ತೇನೆ. ಭಾನುವಾರದವರೆಗೆ ಕಾಯಬೇಕು.